ಬ್ಯಾಂಕಿಗೊಂದು ಕಾಗದ, ನಿಮಗೊಂದು ಕಾಗದ

ಹುಬ್ಬಳ್ಳಿಯ ಬೆಂಗೇರಿಯಲ್ಲಿ ರಾಷ್ಟ್ರಧ್ವಜ ತಯಾರಿಸುವವರಿಗೆ ಏನು ಮಾಡಬೇಕೆಂಬ ಗೊಂದಲ ಇಲ್ಲ. ಧ್ವಜದ ಅಳತೆಗಳು ಒಂಬತ್ತು. ಅತಿ ಚಿಕ್ಕದು 6 ಇಂಚು ಉದ್ದ, 4 ಇಂಚು ಅಗಲ. ಅತಿ ದೊಡ್ಡದು 21 ಅಡಿ ಉದ್ದ, 14 ಅಡಿ ಅಗಲ. ನೂಲು, ನೇಯ್ಗೆ, ಬಣ್ಣದ ಛಾಯೆ, ಚಕ್ರದ ಗಾತ್ರ, ಹೊಲಿಗೆ ಎಲ್ಲಕ್ಕೂ ಬಿಐಎಸ್ ಮಾನದಂಡವಿದೆ. 1957ರಲ್ಲಿ ಹುಟ್ಟಿದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ಆ ಮಾನದಂಡದ ಪರವಾನಗಿ ಪಡೆದು ಇಲ್ಲಿ ಧ್ವಜ ಮಾಡುತ್ತದೆ. ಬಟ್ಟೆ ಬಾಗಲಕೋಟೆ ಕಡೆಯ ತುಳಸಿಗೇರಿಯಿಂದ ಬರಬೇಕು, ಬಣ್ಣ ಏರಬೇಕು, ಅಚ್ಚು ಬೀಳಬೇಕು, ಹೊಲಿಗೆಯಾಗಬೇಕು, ತಪಾಸಣೆಯಾಗಬೇಕು. ಆಗಸ್ಟ್ 15 ಮತ್ತು ಜನವರಿ 26 ಕ್ಯಾಲೆಂಡರಿನಲ್ಲಿ ಕದಲುವ ತಾರೀಖುಗಳಲ್ಲ. ಅಲ್ಲಿಂದ ಹಿಂದಕ್ಕೆ ಎಣಿಸುತ್ತ ಬಂದರೆ ಯಾವ ತಿಂಗಳಲ್ಲಿ ಎಷ್ಟು ನೂಲು ಬೇಕು ಎಂಬುದು ತಾನಾಗಿ ಸಿಗುತ್ತದೆ.

2021ರ ಡಿಸೆಂಬರ್ 30ರಂದು ಧ್ವಜಸಂಹಿತೆಗೆ ತಿದ್ದುಪಡಿ ಬಂತು. ಯಂತ್ರದಲ್ಲಿ ಮಾಡಿದ ಧ್ವಜಕ್ಕೂ ಪಾಲಿಯೆಸ್ಟರ್ ಬಟ್ಟೆಗೂ ಅನುಮತಿ ಸಿಕ್ಕಿತು. ಮರುವರ್ಷದ ‘ಹರ್ ಘರ್ ತಿರಂಗಾ’ ಅಭಿಯಾನದ ಹೊತ್ತಿಗೆ ಅಗ್ಗದ ಧ್ವಜಗಳು ಎಲ್ಲೆಡೆ ಸಿಗತೊಡಗಿದವು. ಖಾದಿ ಸಂಘ ಪ್ರತಿಭಟನೆಗೆ ಇಳಿಯಿತು. ಧ್ವಜ ಮಾಡುವ ಕ್ರಮದಲ್ಲಿ ಒಂದು ಎಳೆಯೂ ತಪ್ಪಿರಲಿಲ್ಲ. ಕೊಳ್ಳುವವನ ಮುಂದೆ ಬೇರೆ ಏನೇನು ಇದೆ ಎಂಬುದು ಮಾತ್ರ ಒಂದೇ ಆದೇಶದಲ್ಲಿ ಬದಲಾಗಿತ್ತು.

ಹೊಸ ಸರಕನ್ನೋ ಹೊಸ ವ್ಯಾಪಾರವನ್ನೋ ಯೋಚಿಸುವವರು ಮೊದಲು ಕೇಳಿಕೊಳ್ಳಬೇಕಾದ್ದು ಇದನ್ನೇ: ನನಗೆ ಗೊತ್ತಿಲ್ಲದ್ದು ಎಲ್ಲಿದೆ? ಮಾಡುವುದರಲ್ಲೋ, ಮಾರುವುದರಲ್ಲೋ, ರೊಕ್ಕ ತಿರುಗಿ ಬರುವುದರಲ್ಲೋ, ಕಾನೂನಿನಲ್ಲೋ? ಯೋಜನೆಯ ಪದ್ಧತಿ ಈ ಉತ್ತರದ ಬೆನ್ನು ಹಿಡಿಯಬೇಕು. ನಮ್ಮ ಹುಬ್ಬಳ್ಳಿ-ಧಾರವಾಡ ಅವಳಿನಗರದಲ್ಲಿ ಆಗುವುದು ಬೇರೆ. ಇಂಜಿನಿಯರಿಂಗ್ ಕಾಲೇಜಿನ ಹುಡುಗ ಇನ್‌ಕ್ಯುಬೇಟರಿಗೆ ಹೋದರೆ ‘ಬಿಸಿನೆಸ್ ಮಾಡೆಲ್ ಕ್ಯಾನ್ವಾಸ್’ ಎಂಬ ಹಾಳೆ ತುಂಬುತ್ತಾನೆ. ಅವನ ಅಪ್ಪ ಬ್ಯಾಂಕಿಗೆ ಹೋದರೆ ಸಿಎ ಹತ್ತಿರ ಪ್ರಾಜೆಕ್ಟ್ ರಿಪೋರ್ಟ್ ಮಾಡಿಸುತ್ತಾನೆ. ಯಾರ ಬಾಗಿಲು ತಟ್ಟಿದೆವೋ ಅವರು ಕೇಳುವ ಕಾಗದವೇ ನಮ್ಮ ಯೋಜನೆ ಆಗಿಬಿಡುತ್ತದೆ.

ಪ್ರಾಜೆಕ್ಟ್ ರಿಪೋರ್ಟ್ ಯಾರಿಗಾಗಿ

ಬ್ಯಾಂಕಿನ ಕಾಗದವನ್ನು ಹಗುರವಾಗಿ ನೋಡುವಂತಿಲ್ಲ. ಸಾಲ ಬೇಕಾದವರಿಗೆ ಅದು ಅನಿವಾರ್ಯ. ಪ್ರಧಾನಮಂತ್ರಿ ಉದ್ಯೋಗ ಸೃಷ್ಟಿ ಕಾರ್ಯಕ್ರಮವನ್ನೇ, ಅಂದರೆ ಎಲ್ಲರೂ ಪಿಎಂಇಜಿಪಿ ಎನ್ನುವುದನ್ನೇ, ನೋಡಿ. 2022ರಲ್ಲಿ ಏರಿಸಿದ ಮಿತಿಯ ಪ್ರಕಾರ ತಯಾರಿಕಾ ಘಟಕಕ್ಕೆ 50 ಲಕ್ಷ, ಸೇವಾ ಘಟಕಕ್ಕೆ 20 ಲಕ್ಷ ರೂಪಾಯಿವರೆಗಿನ ಯೋಜನಾ ವೆಚ್ಚ. ಸಾಮಾನ್ಯ ವರ್ಗದವರು ಪಟ್ಟಣದಲ್ಲಿ ಘಟಕ ಹಾಕಿದರೆ ಶೇ. 15, ಹಳ್ಳಿಯಲ್ಲಿ ಹಾಕಿದರೆ ಶೇ. 25 ಸಬ್ಸಿಡಿ. ಮಹಿಳೆಯರು, ಪರಿಶಿಷ್ಟರು, ಹಿಂದುಳಿದವರು ಮೊದಲಾದ ವಿಶೇಷ ವರ್ಗಕ್ಕೆ ಅದು ಶೇ. 25 ಮತ್ತು 35. ಸ್ವಂತ ಪಾಲು ಸಾಮಾನ್ಯ ವರ್ಗಕ್ಕೆ ಶೇ. 10, ವಿಶೇಷ ವರ್ಗಕ್ಕೆ ಶೇ. 5.

ಈ ಅಂಕಿಗಳು ಬಹಳ ಜನಕ್ಕೆ ಬಾಯಿಪಾಠ. ಆದರೆ ಸಬ್ಸಿಡಿಯ ಹಣ ನಿಮ್ಮ ಕೈಗೆ ಬರುವುದಿಲ್ಲ, ಮೂರು ವರ್ಷ ಬ್ಯಾಂಕಿನಲ್ಲೇ ಠೇವಣಿಯಾಗಿ ಕೂರುತ್ತದೆ ಎಂಬುದನ್ನು ಲೆಕ್ಕಕ್ಕೆ ತಂದುಕೊಂಡವರು ಕಡಿಮೆ. ಮೊದಲ ವರ್ಷದ ಕೊರತೆಯನ್ನು ಸಬ್ಸಿಡಿಯಿಂದ ತುಂಬುತ್ತೇನೆ ಎಂದುಕೊಂಡಿದ್ದರೆ ಆ ಯೋಜನೆ ಅಲ್ಲೇ ಬಿತ್ತು. ಇನ್ನೊಂದು ಷರತ್ತು, ಘಟಕ ಹೊಸದಾಗಿರಬೇಕು. ಈಗಾಗಲೇ ನಡೆಯುತ್ತಿರುವುದಕ್ಕೆ ಈ ಸಾಲ ಇಲ್ಲ. ಹಾಗಾಗಿ ಸಣ್ಣದಾಗಿ ಮಾಡಿ ನೋಡುವ ಉಮೇದು ಇದ್ದವರು ಅದು ಮಾದರಿಯ ಮಟ್ಟ ದಾಟಿ ವಹಿವಾಟಾಗುವ ಮೊದಲೇ ರಾಯಾಪುರದ ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ಕೇಳಿಕೊಳ್ಳುವುದು ಒಳ್ಳೆಯದು.

ಬ್ಯಾಂಕ್ ಮ್ಯಾನೇಜರು ರಿಪೋರ್ಟಿನಲ್ಲಿ ಹುಡುಕುವುದು, ಕಂತು ಕಟ್ಟಲು ತಿಂಗಳಿಗೆ ಎಷ್ಟು ಉಳಿಯುತ್ತದೆ, ಯಂತ್ರದ ಕೊಟೇಶನ್ ಸರಿ ಇದೆಯೇ, ಜಾಗದ ಕರಾರು ಇದೆಯೇ ಎಂಬುದನ್ನು. ನಿಮ್ಮ ಸರಕು ಮಾರಾಟವಾಗುತ್ತದೆಯೇ ಎಂದು ಅವರು ಪರೀಕ್ಷಿಸಲಾರರು. ಆ ಕೆಲಸ ಅವರದಲ್ಲ. ಮೊದಲ ವರ್ಷ ಸಾಮರ್ಥ್ಯದ ಶೇ. 60, ಎರಡನೇ ವರ್ಷ 70, ಮೂರನೇ ವರ್ಷ 80 ಎಂದು ಏರುತ್ತ ಹೋಗುವ ಕೋಷ್ಟಕವನ್ನು ಸಿಎ ಟೈಪು ಮಾಡಿಸಿದ್ದಾರೆ ಅಷ್ಟೇ. ಅದೇ ಕೋಷ್ಟಕವನ್ನು ನಾವೇ ನಂಬತೊಡಗಿದಾಗ ತೊಂದರೆ ಶುರು. ನನ್ನ ಅಭಿಪ್ರಾಯದಲ್ಲಿ ಹೊಸ ಉದ್ಯಮಕ್ಕೆ ಎರಡು ಕಾಗದ ಇರಬೇಕು: ಸಾಲ ಕೊಡುವವರಿಗೆ ತೋರಿಸುವುದೊಂದು, ನಮ್ಮ ಅಜ್ಞಾನವನ್ನು ನಾವು ಬರೆದಿಡುವುದೊಂದು. ಎರಡರ ಅಂಕಿಗಳೂ ಪ್ರಾಮಾಣಿಕವಾಗಿರಬೇಕು. ಆದರೆ ಎರಡೂ ಉತ್ತರಿಸುವ ಪ್ರಶ್ನೆ ಬೇರೆ.

ಹಿಂದಕ್ಕೆ ತಿರುಗಲಾಗದ ಕೆಲಸ

ಹಂತಹಂತದ ಯೋಜನೆ, ಅಂದರೆ ಮೊದಲು ಪೂರ್ತಿ ನಕ್ಷೆ, ಆಮೇಲೆ ಕಟ್ಟುವುದು, ಕೊನೆಗೆ ಪರೀಕ್ಷೆ ಎಂಬ ಕ್ರಮವನ್ನು ಈಗಿನ ಸ್ಟಾರ್ಟಪ್ ಮಂದಿ ಹಳೇ ಕಾಲದ್ದೆಂದು ನಗುತ್ತಾರೆ. ಸಾಫ್ಟ್‌ವೇರ್‌ನಲ್ಲಿ ಅದಕ್ಕೆ ‘ವಾಟರ್‌ಫಾಲ್’ ಎಂಬ ಹೆಸರೂ ಬಿದ್ದಿದೆ. ತಮಾಷೆ ಎಂದರೆ, ಈ ಪದ್ಧತಿಯ ಮೂಲವೆಂದು ಎಲ್ಲರೂ ತೋರಿಸುವ ವಿನ್‌ಸ್ಟನ್ ರಾಯ್ಸ್ ಅವರ 1970ರ ಪ್ರಬಂಧವೇ, ಒಮ್ಮೆ ಮೇಲಿನಿಂದ ಕೆಳಗೆ ಇಳಿದು ಮುಗಿಸುವ ಕ್ರಮ ಅಪಾಯಕಾರಿ ಎಂದು ಎಚ್ಚರಿಸಿತ್ತು.

ಆದರೂ ಈ ಪದ್ಧತಿಗೆ ಅದರದೇ ಜಾಗ ಇದೆ. ಹುಬ್ಬಳ್ಳಿ-ಧಾರವಾಡದ ನಡುವೆ 2018ರಲ್ಲಿ ಓಡಾಟ ಶುರುಮಾಡಿದ ಬಿಆರ್‌ಟಿಎಸ್, ಅಂದರೆ ಪ್ರತ್ಯೇಕ ಪಥದ ತ್ವರಿತ ಬಸ್ ವ್ಯವಸ್ಥೆಯನ್ನು ತೆಗೆದುಕೊಳ್ಳಿ. ಸುಮಾರು 22 ಕಿ.ಮೀ. ದಾರಿ, ರಸ್ತೆಯ ನಡುವೆ ನಿಲ್ದಾಣ, ಆ ನಿಲ್ದಾಣಕ್ಕೆ ಹೊಂದುವ ‘ಚಿಗರಿ’ ಹೆಸರಿನ ಬಸ್ಸು. ಭೂಮಿ ಹಿಡಿದು ಕಾಂಕ್ರೀಟು ಹಾಕಿದ ಮೇಲೆ ‘ಇದು ಸರಿಹೋಗಲಿಲ್ಲ, ಬೇರೆ ನೋಡೋಣ’ ಎನ್ನುವ ಅವಕಾಶ ಇಲ್ಲ. ಆ ಯೋಜನೆಯ ಬಗ್ಗೆ ಊರಲ್ಲಿ ಇಂದಿಗೂ ವಾದ ನಡೆಯುತ್ತದೆ. ಅದು ಇಲ್ಲಿ ಬೇಡ. ತಪ್ಪಿದರೆ ಕಿತ್ತು ಹಾಕಲಾಗದ ಕೆಲಸಕ್ಕೆ ಕಾಗದದ ಮೇಲೇ ಹೆಚ್ಚು ಬೆವರು ಸುರಿಸಬೇಕು, ಅಷ್ಟೇ. ಕೋಲ್ಡ್ ಸ್ಟೋರೇಜು, ಔಷಧ, ಬಾಯ್ಲರು, ಮಗುವಿನ ಆಹಾರ ಇವೆಲ್ಲ ಇದೇ ಜಾತಿಯವು. ಜನರ ಹೊಟ್ಟೆಗೆ ಹೋಗುವುದನ್ನು ‘ಮೊದಲು ಬಿಡೋಣ, ದೂರು ಬಂದರೆ ಸರಿಮಾಡೋಣ’ ಎಂದು ಮಾಡುವುದು ಪ್ರಯೋಗವಲ್ಲ, ಹೊಣೆಗೇಡಿತನ.

ಛಲೋ ಐತ್ರಿ ಎಂದವರು ಕೊಳ್ಳುತ್ತಾರೆಯೇ

ಲಕ್ಷ್ಮಣರಾವ್ ಕಿರ್ಲೋಸ್ಕರ್ ಹುಟ್ಟಿದ್ದು 1869ರಲ್ಲಿ, ಇಲ್ಲೇ ಸವದತ್ತಿ ಸೀಮೆಯ ಗುರ್ಲಹೊಸೂರಿನಲ್ಲಿ. ಬೆಳಗಾವಿಯಲ್ಲಿ ಸೈಕಲ್ ಅಂಗಡಿ ನಡೆಸುತ್ತ ಮುಂದೆ ಮೇವು ಕತ್ತರಿಸುವ ಯಂತ್ರ, ಕಬ್ಬಿಣದ ನೇಗಿಲು ಮಾಡಿದರು. ನೇಗಿಲು ಚೆನ್ನಾಗಿ ಉಳುತ್ತಿತ್ತು. ಆದರೆ ಕಬ್ಬಿಣ ತಾಗಿದರೆ ಮಣ್ಣು ವಿಷವಾಗುತ್ತದೆ ಎಂದು ರೈತರು ನಂಬಿದ್ದರು. ಮೊದಲ ನೇಗಿಲು ಮಾರಾಟವಾಗಲು ಎರಡು ವರ್ಷ ಹಿಡಿಯಿತೆಂದು ಆ ಉದ್ಯಮದ ಇತಿಹಾಸ ಹೇಳುತ್ತದೆ. ಎರಕ, ಉಕ್ಕು, ಕುಲುಮೆ ಎಲ್ಲವೂ ಅವರಿಗೆ ಗೊತ್ತಿತ್ತು. ಗೊತ್ತಿಲ್ಲದಿದ್ದದ್ದು ರೈತನ ಮನಸ್ಸಿನಲ್ಲಿತ್ತು. ಕಾರ್ಖಾನೆಯ ನಕ್ಷೆಯನ್ನು ಎಷ್ಟು ತಿದ್ದಿದರೂ ಅದು ತಿಳಿಯುತ್ತಿರಲಿಲ್ಲ.

ಅನುಮಾನ ಮಾರಾಟದ ಕಡೆ ಇದ್ದಾಗ ಉಪಯೋಗಕ್ಕೆ ಬರುವುದು ಈಗ ‘ಲೀನ್ ಸ್ಟಾರ್ಟಪ್’ ಎನ್ನುವ ದಾರಿ. ಅಮೆರಿಕದ ಸ್ಟೀವ್ ಬ್ಲಾಂಕ್ 2005ರಲ್ಲಿ ಇದರ ಬುನಾದಿ ಹಾಕಿದರು, ಅವರ ಶಿಷ್ಯ ಎರಿಕ್ ರೀಸ್ 2011ರಲ್ಲಿ ಪುಸ್ತಕ ಬರೆದು ಹೆಸರುವಾಸಿ ಮಾಡಿದರು. ಸರಕಿನ ಅತಿ ಚಿಕ್ಕ ರೂಪವನ್ನು ಮಾಡಿ ಗಿರಾಕಿಯ ಕೈಗೆ ಕೊಡಬೇಕು, ಆತ ಏನು ಮಾಡುತ್ತಾನೆಂದು ಅಳೆಯಬೇಕು, ತಿಳಿದದ್ದರ ಮೇಲೆ ಮುಂದುವರಿಯಬೇಕು ಇಲ್ಲವೇ ದಾರಿ ಬದಲಿಸಬೇಕು. ಹೇಳಿಕೆ ಸರಳ. ನಮ್ಮ ಕಡೆ ಇದನ್ನು ಮಾಡುವಾಗ ಒಂದು ತೊಡಕಿದೆ. ಮನೆಗೆ ಬಂದವರಿಗೆ, ಪರಿಚಯದವರಿಗೆ ಯಾರೂ ‘ಚೆನ್ನಾಗಿಲ್ಲ’ ಎನ್ನುವುದಿಲ್ಲ. ‘ಛಲೋ ಐತ್ರಿ, ಮುಂದುವರಸ್ರಿ’ ಎನ್ನುತ್ತಾರೆ, ಚಹಾ ಕೊಟ್ಟು ಕಳಿಸುತ್ತಾರೆ. ಅದು ಸೌಜನ್ಯ, ಮಾರುಕಟ್ಟೆಯ ಮಾಹಿತಿ ಅಲ್ಲ. ಮುಂಗಡ ಕೊಟ್ಟವರು ಎಷ್ಟು, ಉದ್ರಿ ಇಲ್ಲದೆ ನಗದಿಗೆ ಒಯ್ದವರು ಎಷ್ಟು, ಹದಿನೈದು ದಿನದಲ್ಲಿ ತಾವಾಗಿ ಮತ್ತೆ ಕೇಳಿದವರು ಎಷ್ಟು, ಈ ಮೂರನ್ನೇ ಎಣಿಸಿ. ಗೆಳೆಯರಿಗೆ ಮಾಡಿದ ಬೋಣಿಯನ್ನು ಎಣಿಕೆಯಿಂದ ಬಿಟ್ಟುಬಿಡಿ.

ಕ್ಯಾನ್ವಾಸ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅಲೆಕ್ಸಾಂಡರ್ ಓಸ್ಟರ್‌ವಾಲ್ಡರ್ ಮತ್ತು ಸಂಗಡಿಗರ 2010ರ ಪುಸ್ತಕದಿಂದ ಪ್ರಚಾರಕ್ಕೆ ಬಂದ, ಒಂಬತ್ತು ಮನೆಗಳ ಒಂದು ಹಾಳೆ ಅದು: ಗಿರಾಕಿ ಯಾರು, ಅವನಿಗೆ ಏನು ಕೊಡುತ್ತೀರಿ, ಹೇಗೆ ತಲುಪಿಸುತ್ತೀರಿ, ಖರ್ಚು ಎಷ್ಟು, ಆದಾಯ ಎಲ್ಲಿಂದ ಇತ್ಯಾದಿ. ಇಬ್ಬರು ಪಾಲುದಾರರು ಬೇರೆ ಬೇರೆ ಕೂತು ತುಂಬಿ ಆಮೇಲೆ ಹೋಲಿಸಿದರೆ ತಮ್ಮೊಳಗಿನ ಭಿನ್ನಾಭಿಪ್ರಾಯ ಹೊರಬರುತ್ತದೆ. ಅಷ್ಟಕ್ಕೆ ಅದು ಬಹಳ ಒಳ್ಳೆಯದು. ತುಂಬಿ ಗೋಡೆಗೆ ಅಂಟಿಸಿದ ಮಾತ್ರಕ್ಕೆ ಯೋಜನೆ ಆಗುವುದಿಲ್ಲ.

ಲಾಭದಿಂದ ಹಿಂದಕ್ಕೆ: ಖಡಕ್ ರೊಟ್ಟಿಯ ಲೆಕ್ಕ

ಇಷ್ಟರಲ್ಲಿ ನನಗೆ ಅತಿ ಉಪಯುಕ್ತ ಎನಿಸುವ, ಆದರೆ ಇಲ್ಲಿ ಕಡಿಮೆ ಬಳಕೆಯಾಗುವ ಪದ್ಧತಿ ಒಂದಿದೆ. ರೀಟಾ ಮೆಕ್‌ಗ್ರಾತ್ ಮತ್ತು ಇಯಾನ್ ಮ್ಯಾಕ್‌ಮಿಲನ್ 1995ರಲ್ಲಿ ಹಾರ್ವರ್ಡ್ ಬಿಸಿನೆಸ್ ರಿವ್ಯೂನಲ್ಲಿ ಇದನ್ನು ವಿವರಿಸಿದರು. ಪ್ರಾಜೆಕ್ಟ್ ರಿಪೋರ್ಟು ಮಾರಾಟದ ಅಂದಾಜಿನಿಂದ ಹೊರಟು ಲಾಭಕ್ಕೆ ಬಂದು ನಿಲ್ಲುತ್ತದೆ. ಇದು ಬೇಕಾದ ಲಾಭದಿಂದ ಹೊರಟು, ಅದಕ್ಕೆ ಏನೇನು ನಿಜವಾಗಿರಬೇಕು ಎಂದು ಹಿಂದಕ್ಕೆ ಕೇಳುತ್ತ ಹೋಗುತ್ತದೆ. ಪುಸ್ತಕದ ಉದಾಹರಣೆ ಬಿಟ್ಟು ಜೋಳದ ಖಡಕ್ ರೊಟ್ಟಿಯ ಮೇಲೆ ಮಾಡಿ ನೋಡೋಣ. ಅಂಕಿಗಳು ಲೆಕ್ಕಕ್ಕೆಂದು ಹಾಕಿದವು. ನಿಮ್ಮ ಓಣಿಯ ಧಾರಣೆ ಹಾಕಿಕೊಳ್ಳಿ.

ಒಬ್ಬ ಹೆಣ್ಣುಮಗಳು ಹತ್ತು ರೊಟ್ಟಿಯ ಪ್ಯಾಕೆಟ್ ಮಾಡಿ ಬೆಂಗಳೂರು, ಪುಣೆಯ ಅಂಗಡಿಗಳಿಗೆ ಕಳಿಸಬೇಕೆಂದಿದ್ದಾಳೆ. ತಿಂಗಳಿಗೆ 40,000 ರೂಪಾಯಿ ಉಳಿಯಬೇಕು. ಬಾಡಿಗೆ, ಕರೆಂಟು, ಸಾಗಾಟ ಸೇರಿ ತಿಂಗಳ ಸ್ಥಿರ ಖರ್ಚು 32,000. ಅಂದರೆ ಪ್ಯಾಕೆಟ್‌ಗಳ ಮೇಲಿನ ಉಳಿತಾಯ ಒಟ್ಟು 72,000 ಬರಬೇಕು. ಒಂದು ಪ್ಯಾಕೆಟ್‌ಗೆ ಅರ್ಧ ಕೆಜಿ ಹಿಟ್ಟು, ಬೀಸುವ ಕೂಲಿ ಸೇರಿ 23 ರೂಪಾಯಿ. ಬಡಿಯುವ ಕೂಲಿ ರೊಟ್ಟಿಗೆ 2 ರೂಪಾಯಿಯಂತೆ 20. ಪ್ಯಾಕಿಂಗ್ 5. ಒಟ್ಟು 48. ಅಂಗಡಿಯವರು 60ಕ್ಕೆ ಕೊಳ್ಳುತ್ತಾರೆ. ಪ್ಯಾಕೆಟ್‌ಗೆ 12 ರೂಪಾಯಿ ಉಳಿಯಿತು. 72,000 ಆಗಬೇಕಾದರೆ ತಿಂಗಳಿಗೆ 6,000 ಪ್ಯಾಕೆಟ್, ಅಂದರೆ 60,000 ರೊಟ್ಟಿ. ತಿಂಗಳಿಗೆ 25 ದಿನ ಕೆಲಸವಾದರೆ ದಿನಕ್ಕೆ 2,400. ಒಬ್ಬೊಬ್ಬರು ದಿನಕ್ಕೆ 200 ಬಡಿದರೆ ಹನ್ನೆರಡು ಹೆಣ್ಣುಮಕ್ಕಳು ಬೇಕು.

ಇಲ್ಲಿಗೆ ನಿಲ್ಲಿಸಿದರೆ ಇದೂ ಸಾಮಾನ್ಯ ಲೆಕ್ಕವೇ. ಪದ್ಧತಿಯ ಹುರುಳು ಮುಂದಿನ ಹೆಜ್ಜೆಯಲ್ಲಿದೆ. ಪ್ರತಿ ಅಂಕಿಯ ಮುಂದೆ, ಇದು ನನಗೆ ಗೊತ್ತಿರುವುದೋ, ನಾನು ಊಹಿಸಿದ್ದೋ ಎಂದು ಬರೆಯಬೇಕು. ಹಿಟ್ಟಿನ ಧಾರಣೆ ಗೊತ್ತಿದೆ. ಕೂಲಿ ಗೊತ್ತಿದೆ. ದಾರಿಯಲ್ಲಿ ಎಷ್ಟು ಒಡೆಯುತ್ತದೆ? ಅದನ್ನು ಲೆಕ್ಕದಲ್ಲೇ ಹಿಡಿದಿಲ್ಲ. ಹತ್ತರಲ್ಲಿ ಒಂದು ಪ್ಯಾಕೆಟ್ ಒಡೆದು ವಾಪಸು ಬಂತೆನ್ನಿ. ಮಾಡಿದ್ದು 6,000, ಮಾರಾಟವಾದದ್ದು 5,400. ಕೈಗೆ ಬಂದದ್ದು 3,24,000. ಮಾಡಿದ ಖರ್ಚು 2,88,000. ಸ್ಥಿರ ಖರ್ಚು 32,000 ಕಳೆದರೆ ಉಳಿದದ್ದು 4,000 ರೂಪಾಯಿ! ನಲವತ್ತು ಸಾವಿರದ ವ್ಯಾಪಾರ ನಾಲ್ಕು ಸಾವಿರಕ್ಕೆ ಇಳಿದದ್ದು ಗಿರಾಕಿಯಿಂದಲ್ಲ, ಸ್ಪರ್ಧೆಯಿಂದಲ್ಲ, ಪೆಟ್ಟಿಗೆಯಿಂದ.

ಇನ್ನೊಂದು ಊಹೆ ಉದ್ರಿಯದು. ಅಂಗಡಿಯವರು 45 ದಿನಕ್ಕೆ ರೊಕ್ಕ ಕೊಡುತ್ತಾರೆ ಎಂದಾದರೆ, ತಿಂಗಳಿಗೆ 3,20,000ದ ಖರ್ಚಿನಂತೆ 4,80,000 ರೂಪಾಯಿ ಸದಾ ಹೊರಗೇ ಇರುತ್ತದೆ. ಯಂತ್ರಕ್ಕೆ ಸಾಲ ಕೇಳುವವರು ಈ ದುಡಿಯುವ ಬಂಡವಾಳವನ್ನು ಮರೆತು, ಮೂರನೇ ತಿಂಗಳಿಗೆ ಹಿಟ್ಟು ತರಲು ಬಂಗಾರ ಅಡವಿಡುವುದು ಅಪರೂಪವಲ್ಲ. ಪಿಎಂಇಜಿಪಿ ಅರ್ಜಿಯಲ್ಲೂ ಯೋಜನಾ ವೆಚ್ಚದ ಒಳಗೆ ದುಡಿಯುವ ಬಂಡವಾಳಕ್ಕೆ ಜಾಗ ಇದೆ. ತುಂಬುವುದಕ್ಕೆ ಅಂಕಿ ಗೊತ್ತಿರಬೇಕಷ್ಟೆ.

ಈಗ ಊಹೆಗಳನ್ನು ಎರಡು ರೀತಿ ಜೋಡಿಸಿ: ಯಾವುದು ತಪ್ಪಾದರೆ ಹೆಚ್ಚು ಹೊಡೆತ, ಯಾವುದನ್ನು ಕಡಿಮೆ ಖರ್ಚಿನಲ್ಲಿ ಪರೀಕ್ಷಿಸಬಹುದು. ಒಡಕು ಎರಡರಲ್ಲೂ ಮೇಲೆ ಬರುತ್ತದೆ. ನೂರು ಪ್ಯಾಕೆಟ್ ಮಾಡಿ, ಮೂರು ಬಗೆಯ ಪೆಟ್ಟಿಗೆಯಲ್ಲಿ ತುಂಬಿ, ರಾತ್ರಿ ಬಸ್ಸಿನ ಪಾರ್ಸೆಲ್‌ಗೆ ಹಾಕಿ ಬೆಂಗಳೂರಿನ ಬಳಗದವರ ಮನೆಯಲ್ಲಿ ಬಿಚ್ಚಿ ಎಣಿಸಿದರೆ ಆಯಿತು. ಐದಾರು ಸಾವಿರದ ಒಳಗೆ ಮುಗಿಯುವ ಕೆಲಸ. ಎಫ್‌ಎಸ್‌ಎಸ್‌ಎಐ ನೋಂದಣಿ, ಪ್ಯಾಕೆಟ್ ಮೇಲಿನ ತಾರೀಖು, ಎಷ್ಟು ದಿನಕ್ಕೆ ಮುಗ್ಗಲು ವಾಸನೆ ಬರುತ್ತದೆ ಎಂಬ ಪರೀಕ್ಷೆ, ಇವನ್ನು ಮಾತ್ರ ‘ಆಮೇಲೆ ನೋಡೋಣ’ ಪಟ್ಟಿಗೆ ಹಾಕಬಾರದು. ಒಂದೇ ಉದ್ಯಮದ ಒಳಗೆ ಒಂದು ಭಾಗಕ್ಕೆ ಮಾನದಂಡದ ಕಟ್ಟುನಿಟ್ಟು, ಇನ್ನೊಂದು ಭಾಗಕ್ಕೆ ಸಣ್ಣ ಪರೀಕ್ಷೆ ಎಂದು ಪದ್ಧತಿಗಳು ಬೆರೆಯುವುದು ಹೀಗೆ.

ಕೈಯಲ್ಲಿ ಇರುವುದರಿಂದ ಹೊರಡುವವರು

ಎಲ್ಲರೂ ಗುರಿ ಇಟ್ಟುಕೊಂಡೇ ಹೊರಡುವುದಿಲ್ಲ. ಭಾರತ ಮೂಲದ ಸಂಶೋಧಕಿ ಸರಸ್ ಸರಸ್ವತಿ 27 ಮಂದಿ ಅನುಭವಿ ಉದ್ಯಮಿಗಳು ಹೇಗೆ ಯೋಚಿಸುತ್ತಾರೆಂದು ಅಧ್ಯಯನ ಮಾಡಿದರು. ಅವರಲ್ಲಿ ಹೆಚ್ಚಿನವರು ಮಾರುಕಟ್ಟೆಯ ಭವಿಷ್ಯ ಹೇಳಲು ಹೋಗದೆ, ನಾನು ಯಾರು, ನನಗೆ ಏನು ಗೊತ್ತು, ನನಗೆ ಯಾರು ಗೊತ್ತು ಎಂಬಲ್ಲಿಂದ ಹೊರಟಿದ್ದರು. ‘ಎಷ್ಟು ಗಳಿಸಬಹುದು’ ಎನ್ನುವುದಕ್ಕಿಂತ ‘ಎಷ್ಟು ಹೋದರೆ ತಡೆದುಕೊಳ್ಳಬಹುದು’ ಎಂದು ಲೆಕ್ಕ ಹಾಕಿದ್ದರು. 2001ರ ಪ್ರಬಂಧದಿಂದ ಈ ಚಿಂತನೆಗೆ ‘ಎಫೆಕ್ಚುಯೇಶನ್’ ಎಂಬ ಹೆಸರು ಬಂತು.

ಹುಬ್ಬಳ್ಳಿಯವರಿಗೆ ಇದಕ್ಕೆ ಉದಾಹರಣೆ ಹುಡುಕಲು ದೂರ ಹೋಗಬೇಕಿಲ್ಲ. ಮುದ್ರಣದ ಮನೆತನದಿಂದ ಬಂದ ವಿಜಯ ಸಂಕೇಶ್ವರ 1976ರಲ್ಲಿ ಗದಗಿನಲ್ಲಿ ಒಂದೇ ಲಾರಿಯಿಂದ ಸಾಗಾಟ ಶುರುಮಾಡಿದರು. ಹುಬ್ಬಳ್ಳಿಗೆ ಬಂದು ಅದು ವಿಆರ್‌ಎಲ್ ಆಯಿತು, ಬಸ್ಸು ಬಂದವು, ಪತ್ರಿಕೆ ಬಂತು, 2015ರಲ್ಲಿ ಕಂಪನಿ ಷೇರುಪೇಟೆಗೂ ಹೋಯಿತು. ಅವರು ಯಾವ ಪುಸ್ತಕ ಓದಿ ಹೀಗೆ ಮಾಡಿದರೆಂದಲ್ಲ. ಹೊರಗಿನಿಂದ ನೋಡಿದರೆ, ಮುದ್ರಣ ಗೊತ್ತಿದ್ದವರ ಕೈಗೆ ರಾತ್ರೋರಾತ್ರಿ ರಾಜ್ಯದ ತುಂಬ ಸರಕು ಮುಟ್ಟಿಸುವ ಶಕ್ತಿ ಸೇರಿದಾಗ, ದಿನಪತ್ರಿಕೆ ಅವರಿಗೆ ಬೇರೆಯವರಿಗಿಂತ ಹತ್ತಿರದ ಹೆಜ್ಜೆಯಾಗಿತ್ತು ಎನಿಸುತ್ತದೆ. 1976ರಲ್ಲಿ ಕೂತು ಯಾವ ಪ್ರಾಜೆಕ್ಟ್ ರಿಪೋರ್ಟಿನಲ್ಲೂ ಇದನ್ನು ಬರೆಯಲು ಆಗುತ್ತಿರಲಿಲ್ಲ.

ಈ ದಾರಿಯ ದೋಷವೂ ಕಾಣುತ್ತದೆ. ತಡೆದುಕೊಳ್ಳಬಹುದಾದ ನಷ್ಟದ ಗೆರೆಯನ್ನು ಮೊದಲೇ ಎಳೆದು, ಮನೆಯವರಿಗೆ ಹೇಳಿಟ್ಟಿರಬೇಕು. ಇಲ್ಲದಿದ್ದರೆ ಇನ್ನೊಂದು ಸ್ವಲ್ಪ, ಇನ್ನೊಂದು ಸ್ವಲ್ಪ ಎನ್ನುತ್ತ ಗೆರೆ ತಾನೇ ಮುಂದೆ ಸರಿಯುತ್ತದೆ. ಹೂಡಿಕೆ ಕೊಡುವ ಕಡೆಯವರು ಇದಕ್ಕೆ ಕಂಡುಕೊಂಡ ಉಪಾಯ ಹಣವನ್ನು ತುಂಡು ಮಾಡಿ ಕೊಡುವುದು. ಹುಬ್ಬಳ್ಳಿ ಮೂಲದ ಗುರುರಾಜ ದೇಶಪಾಂಡೆ ಅವರ ಕೊಡುಗೆಯಿಂದ 2002ರಲ್ಲಿ ಅಮೆರಿಕದ ಎಂಐಟಿಯಲ್ಲಿ ಶುರುವಾದ ಕೇಂದ್ರ, ಪ್ರಯೋಗಾಲಯದ ಕಲ್ಪನೆಗೆ ಮೊದಲು ಕಿಡಿ ಹೊತ್ತಿಸುವಷ್ಟು ಸಣ್ಣ ಅನುದಾನ, ಅದು ನಿಂತರೆ ಮುಂದಿನ ದೊಡ್ಡ ಅನುದಾನ ಎಂಬ ಕ್ರಮ ಇಟ್ಟುಕೊಂಡಿತು. 2018ರಿಂದ ಹುಬ್ಬಳ್ಳಿಯಲ್ಲೇ ದೇಶಪಾಂಡೆ ಸ್ಟಾರ್ಟಪ್ಸ್‌ನ ದೊಡ್ಡ ಇನ್‌ಕ್ಯುಬೇಟರ್ ಇದೆ. ಸ್ವಂತ ಉಳಿತಾಯವನ್ನೇ ಹಾಕುವವರೂ ತಮಗೆ ತಾವೇ ಹೀಗೆ ಕಂತು ಕಟ್ಟಿಕೊಳ್ಳಬಹುದು: ಮೊದಲ ಕಂತು ಒಡಕಿನ ಪರೀಕ್ಷೆಗೆ, ಎರಡನೆಯದು ಐದು ಅಂಗಡಿಯಲ್ಲಿ ಎರಡು ತಿಂಗಳ ನಗದು ಮಾರಾಟಕ್ಕೆ.

ಮೂರನೆಯ ಕಂತು ಯಂತ್ರದ್ದು. ಒಡಕು ನೂರಕ್ಕೆ ಐದಕ್ಕೆ ಇಳಿದರೆ ನಮ್ಮ ರೊಟ್ಟಿಯ ಲೆಕ್ಕದಲ್ಲಿ ತಿಂಗಳಿಗೆ 22,000 ಉಳಿಯುತ್ತದೆ. ಆ ಉಳಿಕೆಯಲ್ಲಿ ಸಾಲದ ಕಂತು ಕಟ್ಟಿ ಮನೆ ನಡೆಯುತ್ತದೆಯೇ ಎಂದು ನೋಡಿ ಆಮೇಲೆ ಕೊಟೇಶನ್ ತರಿಸಬೇಕು.  ಬ್ಯಾಂಕಿನ ಕಾಗದಕ್ಕೆಂದು ಸಿಎ ಹತ್ತಿರ ಕೂತಾಗ ಅವರು ಎಂದಿನಂತೆ ಮೊದಲ ವರ್ಷ ಶೇ. 60 ಎಂದು ಟೈಪು ಮಾಡಲು ಹೊರಡುತ್ತಾರೆ. ತಡೆದು, ಎರಡು ತಿಂಗಳು ಐದು ಅಂಗಡಿಗಳಲ್ಲಿ ಮಾರಿದ ಲೆಕ್ಕದ ಪುಸ್ತಕವನ್ನು ಮುಂದಿಡಿ, ಅದರಲ್ಲಿರುವ ಅಂಕಿಯನ್ನೇ ಹಾಕಿಸಿ.